ಮುಟ್ಟದ ಸುದ್ದಿ

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಕಲ್ಲೂರಿನ ತಾಯಣ್ಣ ಸೋಮವಾರ ತಪ್ಪದೆ ದೇವಸುಗೂರಿನ ಸೂಗೂರೇಶನ ಗುಡಿಗೆ ಹೋಗತೊಡಗಿದಾಗ ಹೆಂಡತಿ ಸೂಗಮ್ಮನಿಗೆ ಅನುಮಾನ ಬಂತು. ಅವನು ಎಂದೂ ದೇವರಿಗೆ ಕೈಮುಗಿದವನಲ್ಲ. ದಾರಿಯಲ್ಲಿನ ರಾಯಚೂರಿನಲ್ಲಿ ಇನ್ನೊಂದು ಸಂಸಾರ ಇರಬಹುದೆಂದು ಒಂದು ಸೋಮವಾರ ಮುಂದಿನ ಬಸ್ಸು ಹಿಡಿದು ಹಿಂದೆಯೇ ಹೋದಳು. ಗುಡಿಯ ಕಂಬದ ಮರೆಯಲ್ಲಿ ನಿಂತ ಅವಳಿಗೆ ಅವನ ಮಾತು ಕೇಳಿಸಿತು.

"ಸೂಗೂರೇಶಾ, ತಪ್ಪಾತು. ನನ್ನ ಹೇಣ್ತಿ ಅವ್ವ ಸಾಯಾಕತ್ತಾಳಂತ ಆಕಿ ಅಣ್ಣ ಹೇಳಿಕಳಿಸಿದ್ದ. ಆಕಿ ಹೋದ್ರ ಹತ್ತಿ ಬಿಡಿಸೋದು ನಿಂತೀತಂತ ಮುಚ್ಚಿಟ್ಟೆ. ಕ್ಷಮಿಸಪ್ಪಾ."

ತಾಯಿಯ ಮಣ್ಣಿಗೂ ಬರಲಿಲ್ಲವೆಂದು ಅಣ್ಣ ವೆಂಕೋಬ ಮೂರು ವರ್ಷದಿಂದ ಅವಳೊಡನೆ ಮಾತು ಬಿಟ್ಟಿದ್ದ. ಸೂಗಮ್ಮ ಗಂಡನ ಎದುರಿಗೆ ಬಂದು ನಿಂತಳು.

"ದೇವರಿಗೆ ಹೇಳಾಕ ಇಲ್ಲೀತನ ಬಂದಿ. ನಾ ಮನ್ಯಾಗೇ ಇದ್ನಲ್ಲ?"

"ನಿನ್ನ ಮುಂದ ಬಾಯಿ ಬರಲಿಲ್ಲ."

"ನಮ್ಮಣ್ಣನ ಮುಂದ ಹೇಳು, ನಡಿ."

"ನಾಳಿ ಹೋಗೂಣು."

"ಇವತ್ತೇ."

ರಾಯಚೂರಿನಲ್ಲಿ ಅಣ್ಣನ ಊರಾದ ದೇವದುರ್ಗದ ಬಸ್ಸು ಹತ್ತಿ, ಅವನನ್ನು ಕಿಟಕಿಯ ಬದಿಗೆ ಕೂರಿಸಿ ತಾನು ಅಡ್ಡ ಕೂತಳು. ಬಸ್ಸು ನಿಂತಾಗಲೆಲ್ಲ ಇಳಿದು ಹೋದಾನೆಂದು ಅವನನ್ನೇ ನೋಡಿದಳು.

ಅಣ್ಣನ ಬಾಗಿಲಲ್ಲಿ ತಾಯಣ್ಣ ನಡೆದದ್ದನ್ನೆಲ್ಲ ಹೇಳಿದ.

"ಇದು ಆಕಿ ಕಲಿಸಿಕೊಟ್ಟ ಮಾತಲ್ಲಂತ ಹೆಂಗ ನಂಬಲಿ?" ಎಂದು ವೆಂಕೋಬ ಕೇಳಿದ.

"ನೀ ಕಳಿಸಿದಾಂವಗ ನಾನೇ ನೀರು ಕೊಟ್ಟು, ಹೊಲದಾಗಿಂದನೇ ಹೊಳ್ಳಿ ಕಳಿಸಿದೆ. ಅವನ್ನ ಕೇಳಿ ನೋಡು."

ವೆಂಕೋಬ ತಂಗಿಯ ಕಡೆ ತಿರುಗಿ, "ಒಳಗ ಬಾರವ್ವ," ಎಂದ. ತಾಯಣ್ಣ ಹೊರಗೇ ನಿಂತ.