ಊರಿಲ್ಲದ ಚೀಲ

ದಿವ್ಯಾ ತಾಯಿ ಗುರುಶಾಂತವ್ವನ ಹಣೆಗೆ ವಿಭೂತಿ ಹಚ್ಚುತ್ತಿರುವಾಗಲೇ ವಿಘ್ನೇಶ್ವರ ಹೆಗಡೆಯವರ ಕಾರು ಗುಡ್ನಾಪುರದ ಆ ಸಣ್ಣ ಮನೆಯೆದುರು ನಿಂತಿತು. ಶವವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ವಾಲದಂತೆ ಗೋಡೆಯ ಮೊಳೆಗೆ ಬಟ್ಟೆ ಕಟ್ಟಿದ್ದರು.

ಶಿರಸಿಯಲ್ಲಿ ಹೆಗಡೆಯವರ ಗೋದಾಮಿನಲ್ಲಿ ಅವಳು ಇಪ್ಪತ್ತೊಂಬತ್ತು ವರ್ಷ ಅಡಿಕೆ ಆರಿಸಿದವಳು. ದಿವ್ಯಾ ಅಲ್ಲಿಗೆ ಸೇರಿ ಮೂರು ವರ್ಷ. ನಿನ್ನೆ ಭಾನುವಾರ, ರಜೆಯ ದಿನ, ಗುರುಶಾಂತವ್ವ ಒಬ್ಬಳೇ ಗೋದಾಮಿಗೆ ಹೋಗಿದ್ದಳು. ಮಧ್ಯಾಹ್ನ ಕಾವಲುಗಾರ ನೋಡಿದಾಗ ಉಸಿರಿರಲಿಲ್ಲ. ರಜೆಯ ದಿನ ಯಾಕೆ ಹೋದಳೆಂದು ಮನೆಯವರಿಗೆ ತಿಳಿದಿರಲಿಲ್ಲ.

ಹೆಗಡೆ ಹಾರ ಹಾಕಿ ಕೈ ಮುಗಿದರು. ಆದರೆ ಹೊರಡಲಿಲ್ಲ. ಅಂಗಳದ ಮೂಲೆಯಲ್ಲಿ ನಿಂತು ಫೋನು ತೆಗೆಯುವುದು, ನೋಡುವುದು, ಜೇಬಿಗೆ ಹಾಕುವುದು, ಮತ್ತೆ ತೆಗೆಯುವುದು.

ಅವರಿಗೆ ಅಡಿಕೆ ಮಾರುವ ಉಮ್ಮಚಗಿಯ ಶಾಂತಾರಾಮ ಭಟ್ಟರು ಪಕ್ಕಕ್ಕೆ ಬಂದರು.

"ನಾಳೆ ಪ್ಯಾಟೆಲಿ ತಪಾಸಣೆ ಇದ್ದಡ?"

"ಹೂಂ."

"ಆಗ್ಲಿ ಬಿಡು. ಸುಂಕ ಏರ್ಸಿದ್ರೆ ಹೊರಗಿನ ಅಡಿಕೆ ಕದ್ದು ಬತ್ತು. ಆ ದೇಶ ಈ ದೇಶ ಅಂತ ಒಪ್ಪಂದ ಮಾಡ್ಕಂಡು ಸುಂಕ ಬಿಟ್ರೆ ಹೆದ್ದಾರಿಲೇ ಬತ್ತು. ನಮ್ಮ ಚಾಲಿ ಅಡಿಕೆಗೆ ಬೆರ್ಸಿಬಿಟ್ರೆ ಯಾರಿಗೆ ಗೊತ್ತಾಗ್ತು? ಈ ಹೆಂಗಸಿಗೆ ಗೊತ್ತಾಗ್ತಿತ್ತು, ಅಷ್ಟೆಯ."

ಹೆಗಡೆ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

*

ಕಳೆದ ಗುರುವಾರ ಗೋದಾಮಿಗೆ ಒಂದು ಚೀಲ ಚಾಲಿ, ಒಣಗಿಸಿ ಸುಲಿದ ಅಡಿಕೆ, ಬಂದಿತ್ತು. ಗುರುಶಾಂತವ್ವ ಎರಡು ಅಡಿಕೆಗಳನ್ನು ಅಂಗೈಯಲ್ಲಿ ಕುಲುಕಿ ಸದ್ದು ಕೇಳಿದಳು. ಒಂದನ್ನು ಅಡಕತ್ತರಿಯಲ್ಲಿ ಸೀಳಿದಳು.

"ಇದು ನಮ್ ಕಡೇದಲ್ರಿ ಸಾವ್ಕಾರ್ರ. ಹೊರದೇಶದ್ದು."

"ಗೊತ್ತು," ಎಂದರು ಹೆಗಡೆ. "ಅಗ್ಗಕ್ಕೆ ಮಾರೋರ ಎದುರು ನಾನೊಬ್ಬ ಎಷ್ಟು ದಿನ ಅಂಗಡಿ ತೆರ್ಕೊಂಡು ಕೂರ್ಲಿ? ನಮ್ಮ ನಾಲ್ಕು ಚೀಲಕ್ಕೆ ಬೆರೆಸಿಬಿಡು."

ಅವಳು ಅವರ ಮುಖವನ್ನೇ ನೋಡಿದಳು. ಗಂಡ ತೀರಿಕೊಂಡ ವರ್ಷ, ಕೈಗೂಸು ಎತ್ತಿಕೊಂಡು ಬಂದವಳಿಗೆ ಕೆಲಸ ಕೊಟ್ಟ ಮನೆ ಅದು. ಎದುರಾಡಿ ಅವಳಿಗೆ ಗೊತ್ತಿರಲಿಲ್ಲ. ಬೆರೆಸಿದಳು. ಪಕ್ಕದಲ್ಲಿ ಕೂತು ಆರಿಸುವ ಜೊಹರಾ ತಲೆ ತಗ್ಗಿಸಿ ತನ್ನ ಕೆಲಸ ಮುಂದುವರಿಸಿದಳು. ಜ್ವರ ಬಂದು ದಿವ್ಯಾ ಆ ದಿನ ಮನೆಯಲ್ಲಿದ್ದಳು.

ಹೊರದೇಶದ ಅಡಿಕೆ ಹುಡುಕಲು ಮಂಗಳವಾರ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ಶುಕ್ರವಾರ ಸುದ್ದಿ ಬಂತು. ಶನಿವಾರ ಸಂಜೆ ತಾಯಿಯ ರೊಟ್ಟಿ ತಟ್ಟೆಯಲ್ಲೇ ಉಳಿದದ್ದನ್ನು ದಿವ್ಯಾ ನೋಡಿದಳು. ಕೇಳಿದ್ದಕ್ಕೆ, "ಹಸಿವಿಲ್ಲವ್ವಾ," ಎಂದಳು ಅಷ್ಟೆ. ಭಾನುವಾರ ಬೆಳಿಗ್ಗೆ ಗುರುಶಾಂತವ್ವ ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡು, ಒಂದಾಗಿದ್ದ ಅಡಿಕೆಯನ್ನು ಬೇರೆ ಮಾಡಲು ಒಬ್ಬಳೇ ಕೂತಳು.

*

ಶವವಿಟ್ಟ ಕುಣಿಗೆ ಮಣ್ಣು ಹಾಕಿ ಮುಗಿದಿತ್ತು. ಕೈ ತೊಳೆಯಲು ಹೊರಟ ದಿವ್ಯಾಳ ಹಿಂದೆಯೇ ಹೆಗಡೆ ಬಂದರು.

"ದಿವ್ಯಾ, ಈಗ ಕೇಳ್ಬಾರ್ದು. ಅಮ್ಮ ಅರ್ಧ ಆರಿಸಿಟ್ಟಿದಾಳೆ. ಉಳಿದದ್ದು ನಿಂಗೆ ಗೊತ್ತಾಗತ್ತಾ?"

ದಿವ್ಯಾ ನಿಂತಳು. "ಅಂದ್ರ, ಅವ್ವ ಯಾಕ ಹೋಗಿದ್ಲು ಅಂತ ನಿಮಗ ಗೊತ್ತದೇನ್ರಿ?"

ಪಕ್ಕದಲ್ಲೇ ಕೈ ತೊಳೆಯುತ್ತಿದ್ದ ಜೊಹರಾ ಅವರತ್ತ ತಿರುಗಿದಳು.

"ಹೇಳಿ ಹೆಗಡೇರೆ," ಎಂದಳು ಜೊಹರಾ. "ಅವತ್ತು ನಾನೂ ಅಲ್ಲೇ ಇದ್ದೆ. ನಾನೂ ಬಾಯಿ ಬಿಡ್ಲಿಲ್ಲ."

"ಹೊರದೇಶದ ಒಂದು ಚೀಲಾನ ನಮ್ಮ ಅಡಿಕೆಗೆ ನಾನೇ ಬೆರೆಸು ಅಂದಿದ್ದು," ಎಂದರು ಹೆಗಡೆ.

ಅದನ್ನು ಕೇಳಿಸಿಕೊಂಡ ಶಾಂತಾರಾಮ ಭಟ್ಟರು ತಮ್ಮ ಸ್ಕೂಟರಿನ ಕಡೆ ನಡೆದರು.

"ಪರವಾನಗಿ ಹೋದ್ರೆ ಗೋದಾಮು ಮುಚ್ಚತ್ತೆ. ನೀವು ಹನ್ನೊಂದು ಜನ ಹೆಂಗಸ್ರು..." ಎಂದರು ಹೆಗಡೆ.

ದಿವ್ಯಾ ಬಹಳ ಹೊತ್ತು ಕೈ ತೊಳೆದಳು. ಉಗುರಿನ ಸಂದಿಯ ಮಣ್ಣು ಹೋಗಲಿಲ್ಲ.

"ಆರಸ್ತೇನ್ರಿ. ಅವ್ವ ಹಿಡಿದ ಕೆಲಸ ಅದು. ಆದ್ರ ಆ ಚೀಲ ಬಚ್ಚಿಡಂಗಿಲ್ಲ. ನಾಳೆ ಬಂದವರಿಗೆ ನೀವ ತೋರಸ್ಬೇಕು."

"ಸೂತಕದಲ್ಲಿ ನೀನು ಹೆಂಗೆ..."

"ನಮ್ಮೊಳಗ ಸೂತಕ ಇಲ್ರಿ. ತೋರಸ್ತೀರೋ ಇಲ್ಲೋ, ಅದನ್ನ ಹೇಳ್ರಿ."

ಹೆಗಡೆ ತಲೆಯಾಡಿಸಿದರು. ಹೂಂ ಎಂದರೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ.

*

ಅದೇ ದಿನ ಗೋದಾಮಿನಲ್ಲಿ ಮೊದಲ ಹಿಡಿ ಕೈಗೆ ಬಂದಾಗ ದಿವ್ಯಾಳಿಗೆ ಎಲ್ಲ ಅಡಿಕೆಯೂ ಒಂದೇ ಆಗಿ ಕಂಡಿತು. ಸದ್ದೂ ಒಂದೇ. ಹತ್ತು ಸೀಳಿದಳು, ಇಪ್ಪತ್ತು ಸೀಳಿದಳು. ಜೊಹರಾ ಒಂದೊಂದು ಹೋಳನ್ನೂ ಬೆಳಕಿಗೆ ಹಿಡಿದಳು. ಒಳಗಿನ ಬಿಳಿ ಗೆರೆ ಎಲ್ಲಿ ಅಗಲವಾಗಿದೆ, ಎಲ್ಲಿ ಒತ್ತಾಗಿದೆ ಎಂದು ಇಬ್ಬರೂ ಹೊಂದಿಸಿ ನೋಡಿದರು. ನಿಧಾನವಾಗಿ ಕೈಗೆ ಕುಲುಕಿನ ವ್ಯತ್ಯಾಸ ಹತ್ತಿತು. ಉಳಿದ ಹೆಂಗಸರೂ ಸೇರಿಕೊಂಡರು.

ದೀಪ ಹಾಕುವ ಹೊತ್ತಿಗೆ ಹೊರಗಿನ ಅಡಿಕೆಯ ಚೀಲ ಹೆಚ್ಚುಕಡಿಮೆ ತುಂಬಿತು. ದಿವ್ಯಾ ಬಾಯಿ ಹೊಲಿದಳು.

ಅಲ್ಲಿ ಪ್ರತಿ ಚೀಲದ ಮೇಲೂ ಅಡಿಕೆ ಬಂದ ಊರಿನ ಹೆಸರು ಬರೆಯುವುದು ವಾಡಿಕೆ. ಹೆಗಡೆ ತಾವೇ ಬ್ರಷ್ಷನ್ನು ಕರಿ ಬಣ್ಣದಲ್ಲಿ ಅದ್ದಿ, ಚೀಲದೆದುರು ಕುಕ್ಕರುಗಾಲಲ್ಲಿ ಕೂತರು.

"ಏನಂತ ಬರೀಲಿ?"

"ಯಾವ ದೇಶದ್ದೋ ಗೊತ್ತಿಲ್ರಿ," ಎಂದಳು ದಿವ್ಯಾ. "ನಮ್ಮದಲ್ಲ ಅಂತ ಅಷ್ಟ ಗೊತ್ತು."

ಹೆಗಡೆ ಬ್ರಷ್ ಎತ್ತಿದರು. ಹೆಂಗಸರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಚೀಲದ ಮೇಲೆ ಒಂದಕ್ಷರವೂ ಮೂಡಲಿಲ್ಲ. ಬಣ್ಣ ಹನಿಹನಿಯಾಗಿ ಅವರ ಬಿಳಿ ಪಂಚೆಯ ಮೇಲೆ ಬೀಳುತ್ತಿತ್ತು.