ಸೊಸೆಗೆಂದು ಎತ್ತಿಟ್ಟ ತುಂಡು

ಆ ಮನೆಯ ಅಡುಗೆಮನೆಯಲ್ಲಿ ನಡೆಯುತ್ತಿದ್ದುದು ಅತ್ತೆಯ ಸರ್ಕಾರ. ಹಾಸ್ಟೆಲ್ಲಿನಲ್ಲಿ ವರ್ಷಗಟ್ಟಲೆ ಮಕ್ಕಳ ಹೊಟ್ಟೆ ತುಂಬಿಸಿದ ಕೈ ಅದು. ಎದುರು ಮಾತಾಡುವ ಧೈರ್ಯ ಯಾರಿಗೆ? ಗಂಡನೂ ಮಗನೂ ತಟ್ಟೆ ಮುಂದಿಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕಾಯಬೇಕು. ಸೊಸೆಗೆ ಮಾತ್ರ ಬೇರೆ ಕಾನೂನು. ಹೊಲಿಗೆ ಕಾರ್ಖಾನೆಯಿಂದ ಹಸಿದು ಬರುವ ಹುಡುಗಿಗೆಂದು, ಕೋಳಿ ಇನ್ನೂ ಕೊತಕೊತ ಕುದಿಯುತ್ತಿರುವಾಗಲೇ ಒಂದು ಕಾಲನ್ನು ಬಟ್ಟಲಿಗೆ ಎತ್ತಿ ಬಾಗಿಲ ಮರೆಯಲ್ಲಿ ಕೊಡುತ್ತಿದ್ದಳು. ಹೆತ್ತ ಮಗನಿಗೂ ಈ ಭಾಗ್ಯವಿರಲಿಲ್ಲ, ಪಾಪ.

ಆ ಶನಿವಾರವೂ ಹಾಗೇ ಕೊಟ್ಟಳು. ಮರುದಿನ ಸೊಸೆಗೆ ವಾಂತಿ, ಭೇದಿ, ಮೈ ಸುಡುವ ಜ್ವರ. ಅದೇ ಪಾತ್ರೆಯ ಕೋಳಿ ತಿಂದ ಗಂಡಸರಿಬ್ಬರೂ ಗುಂಡುಕಲ್ಲಿನ ಹಾಗಿದ್ದರು.

ಆಸ್ಪತ್ರೆಗೆ ಸೇರಿಸಿದರು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಡಾಕ್ಟರಮ್ಮ ಹೇಳಿದರು: "ಸಾಲ್ಮೊನೆಲ್ಲಾ ಅಂತ ರೋಗಾಣು. ಅರೆಬೆಂದ ಕೋಳೀಲಿ ಸಾಯಲ್ಲ ಅದು. ಮೂಳೆ ಹತ್ರಾನೂ ಪೂರ್ತಿ ಬೇಯಬೇಕು."

ಎಲ್ಲರ ತುಂಡೂ ಬೆಂದಿತ್ತು. ಬೇಯದೆ ಉಳಿದದ್ದು ಅತ್ತೆ ತಾನೇ ಪ್ರೀತಿಯಿಂದ ಎತ್ತಿಕೊಟ್ಟ ಒಂದೇ ಒಂದು. ಇನ್ನು ಈ ಹುಡುಗಿ ತನ್ನ ಕೈಯಡುಗೆ ಮುಟ್ಟುತ್ತಾಳೆಯೇ? ಮಗ ಅಡುಗೆಮನೆ ಕಿತ್ತುಕೊಂಡರೂ ಅವಳಿಗೆ ಚಿಂತೆಯಿಲ್ಲ. ಸೊಸೆ ತಟ್ಟೆ ದೂರ ತಳ್ಳಿದರೆ ಸಹಿಸಲಾರಳು.

ಡ್ರಿಪ್ ಹಾಕಿದ್ದ ಕೈಯನ್ನು ಮೆಲ್ಲಗೆ ಸವರಿದಳು. "ತಪ್ಪಾಯ್ತು ಕಣೇ. ಒಳಗೆ ಹಸಿ ಇದೆ ಅಂತ ನಂಗೆ ಹೊಳೀಲೇ ಇಲ್ಲ."

"ನಂಗೆ ಗೊತ್ತಾಗಿತ್ತು ಅತ್ತೆ. ಕಚ್ಚಿದಾಗ್ಲೇ ಮೂಳೆ ಹತ್ರ ಕೆಂಪಗೆ ಕಾಣಿಸ್ತು."

"ಮತ್ತೆ ಉಗೀಬಾರ್ದಿತ್ತೇನೇ, ಪೆದ್ದಿ!" ಅತ್ತೆ ಕೂಗಿದ ರಭಸಕ್ಕೆ ಪಕ್ಕದ ಹಾಸಿಗೆಯವರು ಎದ್ದು ಕೂತರು.

"ನಮ್ಮನೇಲಿ ಮಕ್ಕಳ ದಂಡೇ ಇತ್ತು ಅತ್ತೆ. ಪಾತ್ರೆಗೆ ಮೊದಲು ಕೈ ಹಾಕ್ದೋರಿಗೆ ಊಟ. ನಂಗೆ ಅಂತ ಯಾರೂ ಒಂದು ತುಂಡು ಎತ್ತಿಟ್ಟೋರೇ ಅಲ್ಲ. ಅದನ್ನ ಹೆಂಗೆ ಉಗೀಲಿ?"

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಆ ಎತ್ತಿಕೊಡೋ ಅಭ್ಯಾಸಾನೇ ಬೇಡ. ಇನ್ಮೇಲೆ ಎಲ್ಲರ ಜೊತೆ ಕೂತು ತಿನ್ನು," ಎಂದಳು.

ಸೊಸೆ ಅವಳ ಬೆರಳು ಹಿಡಿದುಕೊಂಡಳು.

"ಚೆನ್ನಾಗಿ ಬೇಯೋವರೆಗೂ ಕಾಯ್ತೀನಿ ಅತ್ತೆ. ಆದ್ರೆ ನಂಗೇ ಮೊದಲು ಕೊಡಿ."