ಗೆಡ್ಡೆಗಾಗದ ಮೋರೆ

ನಾಲ್ಕು ವರ್ಷದ ಮಾನ್ವಿತಳ ಹೊಟ್ಟೆಯೊಳಗೆ, ಮೂತ್ರಪಿಂಡದ ನೆತ್ತಿಯ ಮೇಲೆ, ನರದ ಕ್ಯಾನ್ಸರ್ ಗೆಡ್ಡೆ. ಮೈಸೂರಿನ ಡಾಕ್ಟರಮ್ಮ ಪಾಪ, ಇದು ಯಾಕೆ ಬೆಳೆಯುತ್ತೆ ಎಂದು ಮಗುವಿನ ಅಪ್ಪ ಕೇಳಿದ್ದಕ್ಕೆ ಉತ್ತರ ಕೊಟ್ಟದ್ದೇ ತಪ್ಪಾಯಿತು.

"ಹೆದರಿಕೆ, ಸಂಕಟ ಆದಾಗ ಮೈಯಲ್ಲಿ ಒಂದು ಹಾರ್ಮೋನು ಏರುತ್ತೆ. ಅದರ ಮಾತನ್ನ ಇಂಥ ಗೆಡ್ಡೆ ಕೇಳುತ್ತಾ, ಕೇಳಿ ಬೆಳೆಯುತ್ತಾ ಅಂತ ಲ್ಯಾಬಿನಲ್ಲಿ ಇನ್ನೂ ನೋಡ್ತಾ ಇದ್ದಾರೆ," ಎಂದರು.

ಲ್ಯಾಬಿನವರಿಗೆ ಇನ್ನೂ ತಿಳಿಯದ್ದು, ಸುದ್ದಿ ರಾವಂದೂರು ಮುಟ್ಟುವಷ್ಟರಲ್ಲಿ ಅಜ್ಜಿ ಚಿಕ್ಕಸಿದ್ದಮ್ಮನಿಗೆ ಪೂರಾ ತಿಳಿದುಹೋಗಿತ್ತು.

"ಇವಳ ಅಳುಮೋರೆ ನೋಡಿ ನೋಡೇ ಮಗಿಗೆ ಗೆಡ್ಡೆ ಬೆಳ್ದದ್ದು ಕಣ್ಲಾ," ಎಂದು ಮಗ ಉಮಾಶಂಕರನಿಗೆ ತೀರ್ಪು ಕೊಟ್ಟಳು.

ಸೊಸೆ ಸುಕನ್ಯ ಅಲ್ಲೇ ಮುದ್ದೆ ತಿರುವುತ್ತಿದ್ದಳು. "ಡಾಕ್ಟ್ರು ಅಂಗಂದಿಲ್ಲ ಕಣತ್ತೆ."

"ನೀನ್ ಸುಮ್ಕಿರವ್ವ. ನಿಂಗೆ ನಗಾಕೆ ಬಂದಿದ್ರೆ ಈ ಗತಿ ಯಾಕ್ ಬತ್ತಿತ್ತು?"

ಸೊಸೆ ಹೊಸದಾಗಿ ಬಂದಾಗ ಹಲ್ಲು ಬಿಟ್ಟುಕೊಂಡು ನಗ್ತಾಳೆಂದು ಬೈದಿದ್ದ ಅತ್ತೆಯೂ ಇವಳೇ.

ಸರಿ, ಮುಂದಿನ ಕೀಮೋಗೆ ತಾಯಿ ಹ್ಯಾಂಡ್‌ಪೋಸ್ಟ್ ಎಂಬ ಊರಿನ ತವರಿಗೆ, ನಾದಿನಿ ಲಕ್ಷ್ಮಿದೇವಿ ಆಸ್ಪತ್ರೆಗೆ. ಲಕ್ಷ್ಮಿದೇವಿಯದು ಊರಿಗೇ ಹೆಸರಾದ ನಗು. ಸಾವಿನ ಮನೆಯಲ್ಲೂ ಸೆರಗು ಕಚ್ಚಿಕೊಂಡು ತಡೆಯಬೇಕಾದಂಥದ್ದು. ನೋಡಲು ಬಂದ ನೆಂಟರಿಗೆಲ್ಲ ಬಾಗಿಲಲ್ಲೇ ಅವಳ ಅಪ್ಪಣೆ: ಬ್ರೆಡ್ಡು ಕೊಡಿ, ಮೂಸಂಬಿ ಕೊಡಿ, ನಕ್ಕು ಹೋಗಿ. ಗಡ್ಡಮೀಸೆಯವರೆಲ್ಲ ಮಂಚದ ಹತ್ತಿರ ಬಗ್ಗಿ ಹಲ್ಲು ಕಿರಿದರು. ಮಗು ಕಿಟಾರನೆ ಕಿರುಚಿ ಗೋಡೆಗೆ ತಿರುಗಿತು. ಗಂಜಿ ಮುಟ್ಟಲಿಲ್ಲ, ಸೂಜಿಗೆ ಕೈ ಕೊಡಲಿಲ್ಲ. ಕೈ ಕೊಡದಿದ್ದರೆ ಔಷಧಿ ಹೋಗುವುದೆಲ್ಲಿಂದ?

ಡಾಕ್ಟರಮ್ಮ ಬಂದರು. "ಇವಳ ತಾಯಿ ಎಲ್ಲಿ?"

"ಹಾರ್ಮೋನು ಏರುತ್ತೆ ಅಂತ ತವರಿಗೆ ಕಳ್ಸಿದ್ದೀವಿ ಮೇಡಂ," ಎಂದ ಉಮಾಶಂಕರ, ಶಭಾಷ್‌ಗಿರಿಗೆ ಕಾದವನಂತೆ.

"ಏರಿಸ್ತಾ ಇರೋರು ನೀವು ಕಣ್ರೀ! ತಾಯಿ ಅತ್ತರೆ ಗೆಡ್ಡೆ ಬರುತ್ತೆ ಅಂತ ನಾನು ಹೇಳಿದ್ನಾ? ಮೊದಲು ಕರೆಸಿ."

ಉಮಾಶಂಕರ ಫೋನು ಮಾಡಿದ. ಆ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು.

"ನೀವ್ ಕರೀಲಿ ಅಂತ ಕಾದಿಲ್ಲ, ಬತ್ತಾವ್ನಿ," ಎಂದಳು ಸುಕನ್ಯ. "ನಿಮ್ಮವ್ವ ಕೇಳಿದ್ರೆ, ನಗ್ತಾ ನಗ್ತಾ ಹೋದ್ಲು ಅನ್ನಿ."

ಬಂದವಳ ಕಣ್ಣುಗಳು ಅತ್ತು ಊದಿಕೊಂಡಿದ್ದವು. ಮಗು ಎದ್ದು ಅವಳ ಕೆನ್ನೆ ಮುಟ್ಟಿ ನೋಡಿತು.

"ಅವ್ವ, ಎಲ್ರೂ ಯಾಕೆ ನಗ್ತಾವ್ರೆ?"

"ಅವ್ರಿಗೆ ಭಯ ಕಣವ್ವ."

"ನಿಂಗೆ?"

"ನಂಗೂ ಭಯಾನೇ."

"ಅಂಗಾರೆ ಇಲ್ಲೇ ಕೂತ್ಕೊ," ಎಂದು ಮಗು ತಾಯಿಯ ತೊಡೆಗೆ ಒರಗಿ, ಸೂಜಿ ಹಿಡಿದ ನರ್ಸಿನತ್ತ ಎಡಗೈ ಚಾಚಿತು.